ಇಲ್ಲದ ಬಾಗಿಲು

ದಿನವಿಡೀ ಕಂಡವರ ಕಿಟಕಿಗಳಿಗೆ ಪರದೆ ಹೊಲಿಯುತ್ತೇನೆ,
ನಮ್ಮ ನಾಟಕಕ್ಕೆ ಮಾತ್ರ ಒಂದು ಗೇಣು ಪರದೆಯಿಲ್ಲ.
ಫಹಾಹೀಲಿನ ಈ ಸರ್ದಾಬು, ಅಂದರೆ ನೆಲಮಾಳಿಗೆ,
ಶುಕ್ರವಾರ ಆರರಿಂದ ಹತ್ತರವರೆಗೆ ನಮ್ಮದು.
ಆಮೇಲೆ ಮತ್ತೆ ಹಳೇ ಸೋಫಾಗಳದ್ದು.

ನೆಲಕ್ಕೆ ನೀಲಿ ಟೇಪು ಅಂಟಿಸಿದೆ:
ಇದು ಗೋಡೆ. ಇದು ಕಿಟಕಿ.
ಟೇಪಿಲ್ಲದ ಈ ಎರಡು ಮೊಳ ಇದೆಯಲ್ಲ, ಬಾಗಿಲು.
ಚಿಲಕ ಎದೆಮಟ್ಟಕ್ಕಿದೆ, ನೆನಪಿರಲಿ.
ಎಲ್ಲರೂ ತಲೆಯಾಡಿಸಿದರು.
ಲಿಗೋರಿ ಚಹಾದ ಲೋಟ ಹಿಡಿದು
ಸೀದಾ ಗೋಡೆಯೊಳಗಿಂದ ಬಂದ.
ದೆವ್ವವೇನಯ್ಯಾ ನೀನು? ಅಂದೆ.
ಹಿಂದೆ ಹೋಗಿ, ಈ ಸಲ ಕಿಟಕಿಯಿಂದ ಬಂದ.

ಕಲಿಸುವುದು ಹೆಚ್ಚೇನಿಲ್ಲ.
ಬೆಳಕು ಕೆನ್ನೆಗೆ ಬೆಚ್ಚಗೆ ತಾಗುವಲ್ಲಿ ನಿಲ್ಲು.
ಕೊನೆಯ ಕುರ್ಚಿಯಲ್ಲೊಬ್ಬ ಕಿವಿಮಂದದ ಮುದುಕ ಕೂತಿದ್ದಾನೆ,
ಅವನಿಗೆ ಹೇಳು. ಕಿರುಚಬೇಡ,
ಅವನೇನೂ ನಿನ್ನ ದುಡ್ಡು ತಿಂದಿಲ್ಲ.
ಲೋಟ ಖಾಲಿಯೇ, ಆದರೂ ಚಹಾ ಬಿಸಿ ಅಂದಮೇಲೆ
ಅಂಚಿನಲ್ಲಿ ಹಿಡಿ.
ಬೆನ್ನೂ ಮಾತಾಡುತ್ತದೆ,
ಅದಕ್ಕೆ ಹೇಳುವುದು ಇದ್ದಾಗ ಮಾತ್ರ ತಿರುಗಿಸು.

ತಿಪ್ಪೇಶಿಗೆ ಕೈಗಳನ್ನು ಎಲ್ಲಿಡಬೇಕೋ ತಿಳಿಯದು.
ಕ್ರೇನಿನ ಕೆಳಗೆ ನಿಂತು ಒಂದು ಬೆರಳಲ್ಲಿ
ಹತ್ತು ಟನ್ನು ಕಬ್ಬಿಣ ಇಳಿಸುವವನು,
ಇಲ್ಲಿ ಎರಡೂ ಅಂಗೈ ಒದ್ದೆ ಟವೆಲಿನಂತೆ ಜೋತಿವೆ.
"ಅಲ್ಲಿ ಸುಮ್ಮಸುಮ್ಮನೆ ಕೈ ಎತ್ತುತ್ತೀಯಾ?"
"ಎತ್ತಿದರೆ ಯಾರಾದರೂ ಸತ್ತಾರು ಸಾರ್."
ಅಷ್ಟೇ, ಅಂದೆ. ಇಲ್ಲಿಯೂ ಹಾಗೇ.

ಬಾಯಿಪಾಠವಿಲ್ಲದ ಆಟಕ್ಕೆ ನಿಯಮ ಒಂದೇ:
ಹೂಂಗುಟ್ಟು.
ಚಿಕ್ಕಂದಿನಲ್ಲಿ ಕತೆಗೆ ಹೂಂ ಅನ್ನುತ್ತಿದ್ದೆಯಲ್ಲ,
ನೀನು ಹೂಂ ಅಂದದ್ದಕ್ಕೇ ರಾಜ ಬೇಟೆಗೆ ಹೊರಟ,
ನೀನು ನಿದ್ದೆಹೋದೆ,
ರಾಜ ಇನ್ನೂ ಕಾಡಿನಲ್ಲೇ ಇದ್ದಾನೆ.
ಎದುರಿನವಳು ಹಡಗು ಅಂದರೆ ಹಡಗು.
ಹೂಂ ಅನ್ನು, ನಿನ್ನದೂ ಒಂದು ಅಲೆ ಸೇರಿಸು.

ನಫೀಸಾ ಶುರು ಮಾಡಿದಳು:
"ಡಾಕ್ಟರೇ, ಹೊಟ್ಟೆಯೊಳಗೆ ಗಡಿಯಾರ ಬಡಿಯುತ್ತಿದೆ."
ವಾರಿಜಾ: "ಇಲ್ಲ ಇಲ್ಲ, ಅದು ಗ್ಯಾಸು."
ಆಟ ಅಲ್ಲೇ ಪ್ರಾಣ ಬಿಟ್ಟಿತು.
ನಫೀಸಾ ನಿಜವಾಗಿಯೂ ನರ್ಸು,
ಕೈಗಡಿಯಾರ ನೋಡಿ ಹೊತ್ತು ಬರೆದುಕೊಂಡಳು.

ಎರಡನೇ ಸಲ ವಾರಿಜಾ ಉಗುಳು ನುಂಗಿ ಅಂದಳು,
"ಹೂಂ. ಎಷ್ಟು ಗಂಟೆ ತೋರಿಸುತ್ತಿದೆ?"
"ಎರಡೂವರೆ ತಾಸು ಮುಂದಿದೆ, ಡಾಕ್ಟರೇ.
ಎಷ್ಟು ಹಿಂದೆ ತಿರುಗಿಸಿದರೂ
ಊರಿನ ಹೊತ್ತೇ ಬಡಿಯುತ್ತದೆ."
ಯಾರೂ ನಗಲಿಲ್ಲ. ಏಸಿ ಮಾತ್ರ ಗೊರಗೊರ ಅನ್ನುತ್ತಿತ್ತು.
ನಾನು ಏನೂ ಹೇಳಲಿಲ್ಲ,
ಅದೂ ಮೇಷ್ಟ್ರ ಕೆಲಸವೇ.

ಹತ್ತಕ್ಕೆ ಐದು ನಿಮಿಷವಿತ್ತು,
ಮೆಟ್ಟಿಲಲ್ಲಿ ಬೀಗದ ಕೈ ಗೊಂಚಲಿನ ಸದ್ದು:
ಹಾರಿಸ್ ಶಫಿಕುಲ್.
ಕಾವಲು, ಕಸ, ಕೆಟ್ಟ ಲಿಫ್ಟು,
ಮೂವತ್ತೆರಡು ಮನೆಗಳ ಬೈಗುಳ, ಎಲ್ಲ ಅವನ ಪಾಲು.
ಸಿಲೆಟಿನವನು. ನಮ್ಮಿಂದ ಕಲಿತ ಕನ್ನಡ ಇಷ್ಟೇ:
"ಆಯ್ತು ಆಯ್ತು."

ಹೊರಡಿ ಎನ್ನಲು ಬಂದವನು
ನೀಲಿ ಟೇಪಿನಾಚೆ ನಿಂತುಬಿಟ್ಟ.
ಗೋಡೆಗುಂಟ ನಿಧಾನ ನಡೆದ.
ಟೇಪಿಲ್ಲದ ಕಡೆ ಚಪ್ಪಲಿ ಬಿಟ್ಟು
ಬೆರಳ ಗೆಣ್ಣಿನಿಂದ ಗಾಳಿಯನ್ನು ಎರಡು ಸಲ ಬಡಿದ.

ಲಿಗೋರಿ, ಗೋಡೆ ನುಗ್ಗುವ ನಮ್ಮ ಲಿಗೋರಿ,
ಎದ್ದು ಹೋಗಿ ಚಿಲಕ ತೆಗೆದ.
ಎದೆಮಟ್ಟಕ್ಕೆ.
ಶಫಿಕುಲ್ ತಲೆ ತಗ್ಗಿಸಿ ಒಳಬಂದ, ಅವನಿಗೆ ಆ ಬಾಗಿಲು ಗಿಡ್ಡ.
ಸ್ಟೂಲಿನ ಮೇಲೆ ಕೂತು
ವಾರಿಜಾಳಿಗೆ ನಾಲಗೆ ಚಾಚಿ ತೋರಿಸಿದ.
"ಹೂಂ," ಅಂದಳು ಡಾಕ್ಟರು, "ಯಾವಾಗಿನಿಂದ?"
"ಆಯ್ತು ಆಯ್ತು," ಅಂದ ರೋಗಿ, ಬಹಳ ದುಃಖದಿಂದ.
ತಿಪ್ಪೇಶಿಯ ಕೈ ಅವನ ಹೆಗಲ ಮೇಲಿತ್ತು,
ಯಾವಾಗ ಹೋಯಿತೋ ಅವನಿಗೇ ಗೊತ್ತಿಲ್ಲ.
ಹತ್ತೂ ಇಪ್ಪತ್ತಾಯಿತು.

ಟೇಪು ಕೀಳುವುದು ಮರೆತೆ.
ಗುಡಿಸುವಾಗ ಕಿತ್ತೆಸೆದಿರುತ್ತಾನೆಂದು
ಈ ಶುಕ್ರವಾರ ಹೊಸ ಸುರುಳಿ ಕೊಂಡೇ ಇಳಿದೆ.
ಸೋಫಾಗಳೆಲ್ಲ ಗೋಡೆಯ ಹೊರಗಿದ್ದವು.
ಬಾಗಿಲಿಗೆ ಅಡ್ಡ ಒಂದೂ ಇರಲಿಲ್ಲ.